ನಾಡಗೀತೆಯ ಧಾಟಿ ಮತ್ತು ಮೈಸೂರು ಅನಂತಸ್ವಾಮಿ

ನಮ್ಮ ಶಾಲೆಯ ಮಕ್ಕಳು ಪ್ರಾರ್ಥನೆಯ ವೇಳೆ ಹಾಡುವ ನಾಡಗೀತೆಯನ್ನು ಬರೆದವರು ಕುವೆಂಪು ಎಂಬುದು ಎಲ್ಲರಿಗೂ ಗೊತ್ತು. ಅದರ ಧಾಟಿ ಯಾರದೆಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಆ ಧಾಟಿ ಮೈಸೂರು ಅನಂತಸ್ವಾಮಿಯವರದು. ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಅವರನ್ನು ನೆನೆಯುವುದು ಉಚಿತವೇ ಆಗಿದೆ.

ಅನಂತಸ್ವಾಮಿಯವರು ಹುಟ್ಟಿದ್ದು 1936ರ ಅಕ್ಟೋಬರ್ 19ರಂದು. ಅವರ ತಾತ ಚಿಕ್ಕರಾಮರಾಯರು ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರು. ಇಂಥ ಮನೆತನದ ಮೊಮ್ಮಗ ಕಛೇರಿ ಸಂಗೀತದ ಬದಲು ಸುಗಮ ಸಂಗೀತದ ದಾರಿ ಹಿಡಿದರು. ಕವಿತೆಯನ್ನು ಹಾಡಿ ಜನರಿಗೆ ಮುಟ್ಟಿಸುವ ಈ ದಾರಿಯನ್ನು ಪಿ. ಕಾಳಿಂಗರಾಯರು ಮೊದಲೇ ತೆರೆದಿದ್ದರು. ಅನಂತಸ್ವಾಮಿಯವರು ಅದನ್ನು ಇನ್ನಷ್ಟು ಅಗಲ ಮಾಡಿದರು.

ನಮ್ಮ ಶಾಲೆ ಆರಂಭವಾದ ದಶಕದಲ್ಲೇ, 1978ರಲ್ಲಿ, ಅವರ 'ನಿತ್ಯೋತ್ಸವ' ಹೊರಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂಬ ಹೆಸರು ಅದಕ್ಕೆ ಸಂದಿದೆ. ಕವಿತೆಗಳು ಕೆ. ಎಸ್. ನಿಸಾರ್ ಅಹಮದ್ ಅವರವು. ಭೂವಿಜ್ಞಾನದ ಅಧ್ಯಾಪಕರಾಗಿದ್ದ ನಿಸಾರರು ನಮ್ಮ ಚಿತ್ರದುರ್ಗದ ಸರ್ಕಾರಿ ಕಾಲೇಜಿನಲ್ಲೂ ಪಾಠ ಹೇಳಿದವರು.

ಸಿನಿಮಾ ಹಾಡು ಮತ್ತು ದೇವರನಾಮಗಳಿಗೆ ಕೊಳ್ಳುವವರಿದ್ದರು. ಆದರೆ ಬದುಕಿರುವ ಕವಿಯೊಬ್ಬನ ಕವಿತೆಗಳನ್ನಷ್ಟೇ ಹಾಡಿಸಿ ಮಾರುವುದು ಆಗ ಹೊಸ ಪ್ರಯೋಗ. ಹಳೆಯ ಗ್ರಾಮಫೋನ್ ಪ್ಲೇಟಿನ ಒಂದು ಬದಿಯಲ್ಲಿ ಮೂರು ನಿಮಿಷದ ಹಾಡು ಹಿಡಿಯುತ್ತಿತ್ತು. ರೇಡಿಯೋದಲ್ಲಿ ಹಾಡು ಒಮ್ಮೆ ಬಂದು ಹೋದರೆ ಹೋಯಿತು. ಧ್ವನಿಸುರುಳಿಯನ್ನಾದರೆ ಹಿಂದಕ್ಕೆ ಸುತ್ತಿ ಮತ್ತೆ ಕೇಳಬಹುದು, ಜೊತೆಗೆ ಹಾಡಿ ಕಲಿಯಬಹುದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಇಂದಿಗೂ ಪುಸ್ತಕದ ಅಂಗಡಿಯಿಲ್ಲ. ಅಂಥ ಕಡೆಗೂ ಟೇಪ್ ರೆಕಾರ್ಡರ್ ಮತ್ತು ಮೈಕ್‌ಸೆಟ್ಟು ಕವಿತೆಯನ್ನು ತಂದವು. ಜೋಗದ ಸಿರಿಯ ಹಾಡನ್ನು ಪುಸ್ತಕದಲ್ಲಿ ಓದದವರೂ ಬಾಯಿಪಾಠ ಮಾಡಿಕೊಂಡರು.

ಜಿ. ಪಿ. ರಾಜರತ್ನಂ ಅವರ ರತ್ನನ ಪದಗಳನ್ನೂ ಅವರು ಹಾಡಿ ಜನಪ್ರಿಯಗೊಳಿಸಿದರು. ಹೆಂಡ ಕುಡಿಯುವವನ ಮಾತೆಂದು ಅದನ್ನು ಬರೀ ನಗೆಯ ಹಾಡು ಮಾಡಲಿಲ್ಲ. ಅದರೊಳಗಿನ ಪ್ರೀತಿಯನ್ನೂ ಸಂಕಟವನ್ನೂ ಉಳಿಸಿಕೊಂಡರು. ಅವರ ಗಾಯನದಲ್ಲಿ ಮಾತು ಮುಂದೆ, ವಾದ್ಯ ಹಿಂದೆ. ಸಂಗೀತ ಕಲಿಯದವರಿಗೂ ಎಟಕುವಂತೆ ರಾಗ ಹಾಕುವುದು ಅವರ ಹೆಚ್ಚುಗಾರಿಕೆ.

ನಾಡಗೀತೆಯ ವಿಷಯದಲ್ಲಿ ಈ ಗುಣವೇ ಮುಖ್ಯವಾಯಿತು. ಕುವೆಂಪು ಅವರ ಜಯ ಭಾರತ ಜನನಿಯ ತನುಜಾತೆ ಗೀತೆಯನ್ನು ಸರ್ಕಾರ 2004ರಲ್ಲಿ ನಾಡಗೀತೆಯೆಂದು ಘೋಷಿಸಿತು. ಆದರೆ ಧಾಟಿ ಗೊತ್ತುಮಾಡಿರಲಿಲ್ಲ. ಸಿ. ಅಶ್ವಥ್ ಅವರ ಧಾಟಿಯೂ ಪ್ರಸಿದ್ಧವಾಗಿತ್ತು. ಸಾಲುಗಳನ್ನು ಮತ್ತೆ ಮತ್ತೆ ಹಾಡಿದಾಗ ಗೀತೆ ಬಹಳ ಹೊತ್ತು ಹಿಡಿಯುತ್ತಿತ್ತು. ಬಿಸಿಲಲ್ಲಿ ನಿಂತ ಮಕ್ಕಳಿಗೂ ವಯಸ್ಸಾದವರಿಗೂ ಕಷ್ಟವಾಗುತ್ತಿತ್ತು. ಕೊನೆಗೆ 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಆದೇಶ ಹೊರಡಿಸಿತು: ಅನಂತಸ್ವಾಮಿಯವರ ಧಾಟಿಯಲ್ಲಿ, ಆಲಾಪವಾಗಲಿ ಪುನರಾವರ್ತನೆಯಾಗಲಿ ಇಲ್ಲದೆ, 2 ನಿಮಿಷ 30 ಸೆಕೆಂಡುಗಳಲ್ಲಿ ಪೂರ್ಣ ಗೀತೆಯನ್ನು ಹಾಡಬೇಕು. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ 2024ರಲ್ಲಿ ವಜಾ ಮಾಡಿತು.

ಇದಾವುದನ್ನೂ ನೋಡಲು ಅನಂತಸ್ವಾಮಿಯವರು ಇರಲಿಲ್ಲ. 1995ರ ಜನವರಿ 9ರಂದು, ಇನ್ನೂ ಅರವತ್ತು ತುಂಬುವ ಮೊದಲೇ, ಅವರು ತೀರಿಕೊಂಡಿದ್ದರು. ತಂದೆಯ ಹಾದಿಯಲ್ಲೇ ಹಾಡಿದ ಮಗ ರಾಜು ಅನಂತಸ್ವಾಮಿಯವರೂ 2009ರಲ್ಲಿ ಅಗಲಿದರು.

ಶಾಲೆಗಳಲ್ಲಿ ನಾಡಗೀತೆ ಹಾಡುವ ಎಲ್ಲ ಮಕ್ಕಳೂ ಗಾಯಕರಲ್ಲ. ಶ್ರುತಿ ತಪ್ಪುವವರು, ದನಿ ಒಡೆಯುತ್ತಿರುವ ಹತ್ತನೇ ತರಗತಿಯ ಹುಡುಗರು, ಹಿಂದಿನ ಸಾಲಿನಲ್ಲಿ ಬರೀ ತುಟಿಯಾಡಿಸುವವರು, ಎಲ್ಲರೂ ಅಲ್ಲಿರುತ್ತಾರೆ. ಅವರೆಲ್ಲರನ್ನೂ ಒಂದೇ ದನಿಯಲ್ಲಿ ಸೇರಿಸುವ ಧಾಟಿ ಕೊಟ್ಟವರ ಹೆಸರನ್ನು ನಮ್ಮ ಮಕ್ಕಳು ಕವಿಯ ಹೆಸರಿನೊಡನೆ ಕಲಿಯಲಿ.