ಗೋಧಿಯ ವಿಜ್ಞಾನಿಯ ಹೂವಿನ ಕೃಷಿ: ಡಾ. ಬಿ. ಪಿ. ಪಾಲ್

ಬೆಂಜಮಿನ್ ಪಿಯರಿ ಪಾಲ್ ಅವರು 1906ರ ಮೇ 26ರಂದು ಪಂಜಾಬಿನ ಮುಕುಂದಪುರದಲ್ಲಿ ಜನಿಸಿದರು. ತಂದೆ ವೈದ್ಯರಾಗಿದ್ದು, ಕುಟುಂಬವು ಬರ್ಮಾ ದೇಶದಲ್ಲಿ ನೆಲೆಸಿತು. ಅಲ್ಲಿನ ಶಾಲಾದಿನಗಳಲ್ಲಿಯೇ ಅವರಲ್ಲಿ ಗುಲಾಬಿಯ ಒಲವು ಮೊಳೆಯಿತು. ರಂಗೂನಿನಲ್ಲಿ ಸಸ್ಯಶಾಸ್ತ್ರದ ಸ್ನಾತಕೋತ್ತರ ಪದವಿಯನ್ನೂ ಕೇಂಬ್ರಿಡ್ಜ್‌ನಲ್ಲಿ ಗೋಧಿಯ ಅಧ್ಯಯನಕ್ಕಾಗಿ ಡಾಕ್ಟರೇಟ್ ಪದವಿಯನ್ನೂ ಪಡೆದ ಅವರು, 1933ರಲ್ಲಿ ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನಾ ಸಂಸ್ಥೆಯನ್ನು ಸೇರಿದರು. 1934ರ ಭೂಕಂಪದಲ್ಲಿ ಕಟ್ಟಡಗಳು ನಾಶವಾದುದರಿಂದ 1936ರಲ್ಲಿ ಸಂಸ್ಥೆಯು ದೆಹಲಿಗೆ ಸ್ಥಳಾಂತರಗೊಂಡಿತು.

ಆ ಕಾಲದಲ್ಲಿ ತುಕ್ಕು ರೋಗವು ಕೊಯ್ಲಿಗೆ ಬಂದ ಗೋಧಿಯನ್ನೂ ರೈತನ ಕೈ ತಪ್ಪಿಸುತ್ತಿತ್ತು. ರೋಗನಿರೋಧಕ ಗುಣವು ಬೆಳೆಯೊಳಗೇ ಇರಬೇಕೆಂಬ ಗುರಿಯಿಂದ ಪಾಲ್ ಅವರು ಸುಮಾರು ಎರಡು ದಶಕ ದುಡಿದರು. 1954ರಲ್ಲಿ ಬಿಡುಗಡೆಯಾದ ಎನ್.ಪಿ. 809 ತಳಿಯು ಕಪ್ಪು, ಕಂದು ಮತ್ತು ಹಳದಿ ತುಕ್ಕುಗಳನ್ನು ತಡೆದುಕೊಳ್ಳುವ ಗುಣ ಹೊಂದಿತ್ತು. 1950ರಿಂದ ಸಂಸ್ಥೆಯ ನಿರ್ದೇಶಕರಾಗಿದ್ದ ಅವರು 1965ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಪ್ರಥಮ ಮಹಾನಿರ್ದೇಶಕರಾದರು. ಬೆಂಗಳೂರಿನ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು 1967ರಲ್ಲಿ ಆರಂಭವಾದುದು ಅವರ ಅಧಿಕಾರಾವಧಿಯಲ್ಲಿಯೇ.

ಹೂಗಿಡಗಳನ್ನೂ ಅವರು ಅದೇ ತಳಿವಿಜ್ಞಾನಿಯ ದೃಷ್ಟಿಯಿಂದ ಕಂಡರು. ತಂಪು ದೇಶದ ಗುಲಾಬಿಗಳು ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಸೊರಗುವುದುಂಟು. ಅವರು ಇಲ್ಲಿಯೇ ಸಂಕರಣ ನಡೆಸಿ ಹಲವು ಗುಲಾಬಿ ತಳಿಗಳನ್ನು ರೂಪಿಸಿದರು. ಗುಲಾಬಿ ಮತ್ತು ಬೋಗನ್‌ವಿಲ್ಲಾ ಕುರಿತು ಗ್ರಂಥಗಳನ್ನು ರಚಿಸಿದರು. ಗಿಡದ ಸ್ವಭಾವವನ್ನು ಮೊದಲು ಅರಿಯಬೇಕೆಂಬುದೇ ಈ ಕಾರ್ಯದ ತಿರುಳು.

ಕುಂಡದಲ್ಲಿ ಬೆಳೆಸುವ ಬೋಗನ್‌ವಿಲ್ಲಾ ಇದಕ್ಕೆ ಉತ್ತಮ ನಿದರ್ಶನ. ಎಲೆ ದಟ್ಟವಾಗಿದ್ದು ಹೂವಿಲ್ಲದ ಕುಂಡವು ಸಸ್ಯಕ್ಷೇತ್ರದಲ್ಲಿ ಮಾರಾಟವಾಗದೆ ಉಳಿಯುತ್ತದೆ. ಬೆಳೆಗಾರನು ಮತ್ತಷ್ಟು ನೀರು, ಯೂರಿಯಾ ನೀಡುತ್ತಾನೆ. ಎಲೆ ಇನ್ನಷ್ಟು ಹೆಚ್ಚುತ್ತದೆ. ಇದು ದಕ್ಷಿಣ ಅಮೆರಿಕ ಮೂಲದ, ಬಿಸಿಲು ಮತ್ತು ಒಣಹವೆಗೆ ಒಗ್ಗಿದ ಗಿಡ. ನಾವು ಹೂವೆನ್ನುವ ಬಣ್ಣದ ಭಾಗವು ವಾಸ್ತವವಾಗಿ ಪುಷ್ಪಪತ್ರ. ನಿಜವಾದ ಹೂವು ಅದರ ನಡುವಿನ ಸಣ್ಣ ಕೊಳವೆ. ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು, ನೀರು ನಿಲ್ಲದ ಮಣ್ಣು ಹಾಗೂ ಬೇರಿಗೆ ತುಸು ಇಕ್ಕಟ್ಟಾದ ಕುಂಡ ಇದಕ್ಕೆ ಹಿತ. ಮೇಲ್ಮಣ್ಣು ಒಣಗಿ, ಎಲೆಗಳು ಕೊಂಚ ಬಾಡುವ ಸೂಚನೆ ಕಂಡಾಗ ನೀರುಣಿಸಬೇಕು. ಸಾರಜನಕವನ್ನು ಮಿತಗೊಳಿಸಬೇಕು. ಹೂವು ಹೊಸ ಚಿಗುರಿನಲ್ಲಿ ಬರುವುದರಿಂದ, ಒಂದು ಸರದಿ ಮುಗಿದೊಡನೆ ಕೊಂಬೆಗಳನ್ನು ಹಗುರವಾಗಿ ಸವರಬೇಕು. ಮೊಗ್ಗು ಮೂಡುವ ಕಾಲದಲ್ಲಿ ಕತ್ತರಿಸಿದರೆ ಆ ಸರದಿಯ ಹೂವು ನಷ್ಟವಾಗುತ್ತದೆ.

ಪಾಲ್ ಅವರು 1972ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. 1987ರಲ್ಲಿ ಪದ್ಮವಿಭೂಷಣ ಪುರಸ್ಕಾರ ಪಡೆದರು. ಅವಿವಾಹಿತರಾಗಿಯೇ ಉಳಿದ ಅವರು ತಮ್ಮ ಗುಲಾಬಿ ಸಂಗ್ರಹವನ್ನು ತಾವು ದುಡಿದ ಸಂಸ್ಥೆಗೇ ಅರ್ಪಿಸಿ, 1989ರ ಸೆಪ್ಟೆಂಬರ್ 14ರಂದು ನಿಧನರಾದರು. ಅನ್ನದ ಬೆಳೆಗೆ ಸಲ್ಲುವ ಶ್ರದ್ಧೆ ಹೂವಿನ ಗಿಡಕ್ಕೂ ಸಲ್ಲಬೇಕೆಂಬುದನ್ನು ಅವರ ಬಾಳು ತೋರಿಸಿಕೊಟ್ಟಿದೆ.