ಶಾಹು ಮಹಾರಾಜರೂ ಊರ ಬಾವಿಯೂ

ನಿಪಾಣಿಯಿಂದ ಕೊಲ್ಹಾಪುರದ ಹಾದಿ ಹಿಡಿದವರಿಗೆ ಕಾಗಲವೆಂಬ ಊರು ಸಿಕ್ಕುವುದು. ಅಲ್ಲಿಯ ಘಾಟಗೆ ಮನೆತನದಲ್ಲಿ 1874ನೆಯ ಇಸವಿ ಜೂನ್ 26ರಂದು ಯಶವಂತರಾಯನೆಂಬ ಬಾಲಕನು ಜನಿಸಿದನು. ತಾಯಿ ರಾಧಾಬಾಯಿಯವರು ಮುಧೋಳದ ಘೋರ್ಪಡೆ ಮನೆತನದ ಮಗಳು. 1884ರಲ್ಲಿ ಕೊಲ್ಹಾಪುರದ ಗಾದಿಗೆ ದತ್ತಕ ಹೋದ ಈ ಬಾಲಕನೇ ಛತ್ರಪತಿ ಶಾಹು ಮಹಾರಾಜರು. ರಾಜಕೋಟೆಯಲ್ಲಿಯೂ ಬಳಿಕ ನಮ್ಮ ಧಾರವಾಡದಲ್ಲಿಯೂ ವಿದ್ಯಾಭ್ಯಾಸ ಮಾಡಿ, 1894ರಲ್ಲಿ ಅವರು ರಾಜ್ಯಭಾರವನ್ನು ವಹಿಸಿಕೊಂಡರು. ರಾಯಬಾಗವು ಆಗ ಅವರ ಸಂಸ್ಥಾನಕ್ಕೆ ಸೇರಿತ್ತು. ಆ ಕಡೆಯ ನಮ್ಮ ಪಾಲಕರಲ್ಲಿ ಹಲವರ ಹಿರಿಯರು ಅವರ ಪ್ರಜೆಗಳಾಗಿದ್ದಿರಬೇಕು.

ಅವರ ವಿದ್ಯಾಪ್ರಸಾರದ ಕಾರ್ಯವೂ ಭೋಗಾವತಿಗೆ ಕಟ್ಟಿಸತೊಡಗಿದ ರಾಧಾನಗರಿಯ ಅಣೆಕಟ್ಟೂ ಪ್ರಸಿದ್ಧವಾಗಿವೆ. ನಾನು ಹೇಳಹೊರಟಿರುವುದು ಕುಡಿಯುವ ನೀರಿನ ಸಂಗತಿ.

ಆ ಕಾಲಕ್ಕೆ ಬಾವಿ ತುಂಬಿದ್ದರೂ ಅಸ್ಪೃಶ್ಯರೆನಿಸಿಕೊಂಡವರಿಗೆ ಅದರ ನೀರು ದೊರೆಯುತ್ತಿರಲಿಲ್ಲ. ಅವರ ಹೆಂಗಸರು ಬರಿಗೊಡವಿಟ್ಟುಕೊಂಡು ದೂರದಲ್ಲಿ ಕಾದಿದ್ದು, ಕನಿಕರವುಳ್ಳವರು ಸುರಿದುದನ್ನು ತುಂಬಿಕೊಳ್ಳಬೇಕು. ಇಲ್ಲವೇ ದನಗಳಿಳಿಯುವ ಹಳ್ಳದ ಕದಡಿದ ನೀರನ್ನು ತರಬೇಕು. ಕಾಲರಾ ಬೇನೆಯು ಹೊಲಸು ಬೆರೆತ ಇಂಥ ನೀರಿನಿಂದಲೇ ಹರಡುವುದು. 2022ರ ಗಣನೆಯಂತೆಯೂ ಜಗತ್ತಿನಲ್ಲಿ ಸುಮಾರು 220 ಕೋಟಿ ಜನರಿಗೆ ಸುರಕ್ಷಿತವಾದ ಕುಡಿಯುವ ನೀರಿನ ಅನುಕೂಲತೆಯಿರಲಿಲ್ಲ. ಬೇಸಿಗೆಯಲ್ಲಿ ನೀರಿನ ಪಾಳಿಗೆ ನಿಂತು ತಡವಾಗಿ ಬಂದ ಹುಡುಗಿಯರನ್ನು ಗದರಿಸದಿರಲು ನಾನೂ ನಿಧಾನವಾಗಿಯೇ ಕಲಿತೆನು.

ಮಹಾರಾಜರ ಸೇವಕರಲ್ಲಿ ಗಂಗಾರಾಮ ಕಾಂಬಳೆ ಎಂಬವರಿದ್ದರು. ಮೇಲುಜಾತಿಯವರಿಗೆ ಮೀಸಲಾದ ನೀರಿನ ತೊಟ್ಟಿಯನ್ನು ಮುಟ್ಟಿದರೆಂದು ಇತರ ಸೇವಕರು ಅವರನ್ನು ಥಳಿಸಿದರು. ಪರಸ್ಥಳದಿಂದ ಮರಳಿದ ಮಹಾರಾಜರು ಹೊಡೆದವರನ್ನು ಶಿಕ್ಷಿಸಿದರು. ಅಷ್ಟಕ್ಕೇ ಬಿಡದೆ ಗಂಗಾರಾಮರು ಕೊಲ್ಹಾಪುರದಲ್ಲಿ ಚಹದಂಗಡಿ ತೆರೆಯಲು ಹಣಕೊಟ್ಟರು. ಗಿರಾಕಿಗಳು ಅತ್ತ ಸುಳಿಯಲಿಲ್ಲ. ಆಗ ಮಹಾರಾಜರು ತಮ್ಮ ಗಾಡಿಯನ್ನು ಅಂಗಡಿಯ ಮುಂದೆ ನಿಲ್ಲಿಸಿ, ತಾವೂ ಕುಡಿದು ಸಂಗಡಿಗರಿಗೂ ಕುಡಿಸಿದರು. ನನ್ನ ಮಟ್ಟಿಗೆ ಅವರ ಎಷ್ಟೋ ಆಜ್ಞಾಪತ್ರಗಳಿಗಿಂತ ಆ ಒಂದು ಬಟ್ಟಲು ಚಹವೇ ದೊಡ್ಡದು.

ಆಜ್ಞೆಯೂ ಹೊರಟಿತು. 1919ರಲ್ಲಿ ಸಂಸ್ಥಾನದ ಸಾರ್ವಜನಿಕ ಬಾವಿ, ಧರ್ಮಶಾಲೆ, ದವಾಖಾನೆ, ಶಾಲೆಗಳಲ್ಲಿ ಅಸ್ಪೃಶ್ಯತೆಯನ್ನು ಆಚರಿಸಕೂಡದೆಂದು ಅವರು ವಿಧಿಸಿದರು. ಮರುವರ್ಷ ಮಾಣಗಾವಿಯ ಪರಿಷತ್ತಿನಲ್ಲಿ ತರುಣ ಅಂಬೇಡಕರರನ್ನು ಗೌರವಿಸಿದರು. 1922ರ ಮೇ 6ರಂದು ಮುಂಬಯಿಯಲ್ಲಿ ದೇಹವಿಟ್ಟಾಗ ಮಹಾರಾಜರಿಗೆ ಇನ್ನೂ 47 ವರ್ಷ.

ಸಂಸ್ಥಾನದ ಗಡಿಯಾಚೆಗೆ ಆ ಆಜ್ಞೆ ಸಲ್ಲುತ್ತಿರಲಿಲ್ಲ. 1925ರ ಏಪ್ರಿಲ್‌ನಲ್ಲಿ ಅಂಬೇಡಕರರು ನಮ್ಮ ನಿಪಾಣಿಯ ಪರಿಷತ್ತಿಗೆ ಬಂದರು. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ಜನರೊಡನೆ ನಡೆದುಹೋಗಿ, ಬೊಗಸೆಯಲ್ಲಿ ನೀರೆತ್ತಿ ಕುಡಿದರು.