ಗಾಜಿನ ಫಲಕದ ಮೇಲೆ ಮೂರು ಗೆಲಾಕ್ಸಿಗಳು

ಆಂಡ್ರೊಮಿಡಾ ಗೆಲಾಕ್ಸಿಯ ಸುರುಳಿಯನ್ನು ಮೊದಲ ಬಾರಿಗೆ ಫೋಟೊದಲ್ಲಿ ಸ್ಪಷ್ಟವಾಗಿ ತೋರಿಸಿದ ಐಸಾಕ್ ರಾಬರ್ಟ್ಸ್ ವೃತ್ತಿಯಿಂದ ಕಟ್ಟಡ ಗುತ್ತಿಗೆದಾರರು. ವೇಲ್ಸ್‌ನ ರೈತರೊಬ್ಬರ ಮಗನಾಗಿ 1829ರಲ್ಲಿ ಹುಟ್ಟಿ, 15ನೇ ವಯಸ್ಸಿಗೆ ಲಿವರ್‌ಪೂಲ್‌ನ ಕಟ್ಟಡ ಸಂಸ್ಥೆಯೊಂದಕ್ಕೆ ಕೆಲಸ ಕಲಿಯಲು ಸೇರಿದರು. ಮುಂದೆ ಸ್ವಂತ ಉದ್ಯಮ ನಡೆಸಿ ಹಣ ಮಾಡಿದರು. ಏಳು ಇಂಚಿನ ದೂರದರ್ಶಕ ಕೊಂಡಾಗ ಅವರಿಗೆ ಐವತ್ತು ಸಮೀಪಿಸಿತ್ತು.

1885ರಲ್ಲಿ ಇಪ್ಪತ್ತು ಇಂಚು ಕನ್ನಡಿಯ ದೊಡ್ಡ ದೂರದರ್ಶಕವೂ ಬಂತು. ಮಸುಕಾದ ಬೆಳಕು ಫಲಕದ ಮೇಲೆ ಮೂಡಲು ಗಂಟೆಗಳೇ ಬೇಕು. ಅಷ್ಟರಲ್ಲಿ ಭೂಮಿ ತಿರುಗಿ ಚಿತ್ರ ಗೆರೆಯಾಗುತ್ತದೆ. ಎಂಜಿನಿಯರಿಂಗ್ ಓದುವ ನನಗೆ ಇಷ್ಟವಾದದ್ದು ಅವರು ಕಂಡುಕೊಂಡ ಉಪಾಯ. ಎರಡೂ ದೂರದರ್ಶಕಗಳನ್ನು ತಕ್ಕಡಿಯಂತೆ ಒಂದೇ ಅಕ್ಷಕ್ಕೆ ಕೂರಿಸಿದರು. ಚಿಕ್ಕದರಲ್ಲಿ ಒಂದು ನಕ್ಷತ್ರದ ಮೇಲೆ ಕಣ್ಣಿಟ್ಟು, ಅದು ಜರುಗಿದಷ್ಟೂ ಸರಿಪಡಿಸುತ್ತಾ ಹೋದರೆ ದೊಡ್ಡದರಲ್ಲಿ ಚಿತ್ರ ನಿಲ್ಲುತ್ತದೆ. ಇಂದಿನ ಹವ್ಯಾಸಿಗಳೂ ಮಾಡುವುದು ಇದನ್ನೇ, ಕಣ್ಣಿನ ಜಾಗದಲ್ಲಿ ಪುಟ್ಟ ಕ್ಯಾಮೆರಾ ಇದೆ ಅಷ್ಟೆ.

1888ರ ಆ ಫೋಟೊದಲ್ಲಿ ಆಂಡ್ರೊಮಿಡಾದ ಜೊತೆ ಎರಡು ಚಿಕ್ಕ ಬೆಳಕಿನ ಗುಡ್ಡೆಗಳಿದ್ದವು. ಇಂದಿನ ಹೆಸರು ಎಂ32 ಮತ್ತು ಎಂ110. ಸೂರ್ಯನಂಥ ನಕ್ಷತ್ರವೊಂದು ಗ್ರಹಗಳ ಸಮೇತ ಹುಟ್ಟುತ್ತಿದೆ ಎಂದೇ ರಾಬರ್ಟ್ಸ್ ನಂಬಿದರು. ಆ ಕಾಲದ ಅನೇಕರ ಊಹೆಯೂ ಅದೇ. ಅದರ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ ಎಂದು ಅಂದು ಯಾರಿಗೆ ಗೊತ್ತಿತ್ತು? ಆ ಎರಡೂ ಗುಡ್ಡೆಗಳು ಬೇರೆ ಗೆಲಾಕ್ಸಿಗಳು. ಆಂಡ್ರೊಮಿಡಾದ ಗುರುತ್ವ ಜಗ್ಗಿ ಅವುಗಳ ಅಂಚು ತಿರುಚಿದೆ. ಅರ್ಥೈಸುವಲ್ಲಿ ರಾಬರ್ಟ್ಸ್ ಎಡವಿದರು, ಫಲಕ ಎಡವಲಿಲ್ಲ. ಚಿತ್ರವನ್ನು ತಿದ್ದದೆ ಹಾಗೇ ಮುದ್ರಿಸಿದ್ದೇ ಅವರ ದೊಡ್ಡತನ ಎಂದು ನನಗನಿಸುತ್ತದೆ.

1895ರಲ್ಲಿ ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕ ಕೊಟ್ಟಿತು. ಮರುವರ್ಷ ಸೂರ್ಯಗ್ರಹಣ ನೋಡಲು ನಾರ್ವೆಗೆ ಹೋದಾಗ ಖಗೋಳ ವಿಜ್ಞಾನಿ ಡೊರೊಥಿಯಾ ಕ್ಲುಂಪ್ಕೆ ಪರಿಚಯವಾದರು. 1901ರಲ್ಲಿ ಇಬ್ಬರೂ ಮದುವೆಯಾದರು. ಮೂರೇ ವರ್ಷಕ್ಕೆ ರಾಬರ್ಟ್ಸ್ ತೀರಿಕೊಂಡರು. ಡೊರೊಥಿಯಾ ಫಲಕಗಳನ್ನು ಫ್ರಾನ್ಸ್‌ಗೆ ಒಯ್ದು, ಪತಿ ಅರ್ಧಕ್ಕೆ ಬಿಟ್ಟ ಕೆಲಸ ಮುಂದುವರಿಸಿ 1929ರಲ್ಲಿ ಆಕಾಶದ ಚಿತ್ರಸಂಪುಟವೊಂದನ್ನು ಪ್ರಕಟಿಸಿದರು. ಅಷ್ಟು ಹೊತ್ತಿಗೆ ಹಬಲ್ ಅವರ ಅಳತೆಯಿಂದ ಆಂಡ್ರೊಮಿಡಾ ಬೇರೆಯೇ ಗೆಲಾಕ್ಸಿ ಎಂಬುದು ಜಗತ್ತಿಗೆ ಗೊತ್ತಾಗಿತ್ತು.